ಒಂಬತ್ತು ಪ್ರಶ್ನೆಗಳ ಮರುಪರೀಕ್ಷೆ

ಮಾರ್ಚ್ 4, ಬೆಳಿಗ್ಗೆ 7.10
ವಾಕಿಂಗ್ ಇಲ್ಲ. ಇವತ್ತಿಗೆ ಹನ್ನೊಂದು ದಿನ. ಮೊಣಕಾಲು ನೋವು ಅಂತ ಹೆಂಡತಿಗೆ ಹೇಳಿದ್ದೇನೆ. ಕಾಲು ಗಟ್ಟಿಮುಟ್ಟಾಗಿಯೇ ಇದೆ. ಎದ್ದು ಮಾಡುವುದಾದರೂ ಏನು ಅನಿಸುತ್ತದೆ, ಅಷ್ಟೇ. ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವನಿಗೆ ಒಂದು ದಿನ ಕಳೆಯಲು ಬರುತ್ತಿಲ್ಲ.

ಮಾರ್ಚ್ 6
ಆಸ್ಪತ್ರೆಯಲ್ಲಿ ಇಬ್ಬರಿಗೂ ಬಿಪಿ ಚೆಕಪ್. ನರ್ಸಮ್ಮ ಒಂದೊಂದು ಹಾಳೆ ಕೊಟ್ಟಳು. "ವಯಸ್ಸಾದವರಿಗೆಲ್ಲ ಕೊಡ್ತೀವಿ ಸರ್. ಮನಸ್ಸು ಹೇಗಿದೆ ಅಂತ ನೋಡೋಕೆ." ಒಂಬತ್ತು ಪ್ರಶ್ನೆ. ನಿದ್ದೆ, ಆಸಕ್ತಿ, ಬೇಸರ... ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು. ಹೆಚ್ಚು ಬಂದಷ್ಟೂ ತೊಂದರೆ. ಇದೆಂಥ ಪ್ರಶ್ನೆಪತ್ರಿಕೆ! ಒಂಬತ್ತಕ್ಕೂ ಸೊನ್ನೆ ಜಡಿದೆ. ಇವಳದೂ ಸೊನ್ನೆ. ಎರಡೂ ಹಾಳೆ ನಾನೇ ಒಯ್ದು ಕೊಟ್ಟೆ. "ಜೋಡಿ ಅಂದ್ರೆ ಹೀಗಿರಬೇಕು!" ಅಂದಳು ನರ್ಸಮ್ಮ.

ಮಾರ್ಚ್ 7
ತಲೆಯಲ್ಲಿ ಹುಳ ಹೊಕ್ಕಿದೆ. ಐದನೇ ಪ್ರಶ್ನೆಗೆ ಮೊದಲು ಎರಡು ಅಂತ ಬರೆದು, ಹೊಡೆದುಹಾಕಿ ಸೊನ್ನೆ ಮಾಡಿದ್ದೆ. ಇವಳ ಹಾಳೆಯಲ್ಲೂ ಐದನೆಯದಕ್ಕೆ ಎರಡು ಹೊಡೆದು ಸೊನ್ನೆ! ಸಾವಿರಾರು ಪೇಪರ್ ತಿದ್ದಿದ ಕಣ್ಣು ಇದು. ಕಾಪಿ!
ನಗು ಬಂತು. ಆಮೇಲೆ ಹೊಳೆಯಿತು: ನನ್ನ ಉತ್ತರವೇ ಸುಳ್ಳು. ಹಾಗಾದರೆ ಇವಳ ಸ್ಥಿತಿ ಏನು?

ಅದೇ ದಿನ, ಸಂಜೆ
ಹಳೇ ಪೇಪರ್ ರಾಶಿ ತೆಗೆದು ನೋಡಿದೆ. ಪದಬಂಧ ಬಿಡಿಸದೆ ಕಾಫಿ ಮುಟ್ಟದವಳು ಜನವರಿ ಕೊನೆಯಿಂದ ಒಂದು ಚೌಕವನ್ನೂ ತುಂಬಿಲ್ಲ. ದಿನಾ ಎದುರಿಗೇ ಕೂತು ಉಣ್ಣುತ್ತೇನೆ, ಕಣ್ಣಿಗೆ ಬಿದ್ದಿಲ್ಲ. ಮೇಷ್ಟ್ರಂತೆ, ಮೇಷ್ಟ್ರು!

ಮಾರ್ಚ್ 12
ಇಷ್ಟು ದಿನ ಬಾಯಿ ಬರಲಿಲ್ಲ. ಇವತ್ತು ಕೇಳಿಯೇಬಿಟ್ಟೆ.
"ನನ್ನ ಹಾಳೆ ನೋಡಿ ಬರೆದೆಯಾ?"
"ಹೂಂ. ಫಾರಂ ಎಲ್ಲ ಯಾವಾಗ್ಲೂ ನೀವೇ ತಾನೇ ತುಂಬ್ಸೋದು?"
"ಇದೇನು ಬ್ಯಾಂಕಿನ ಫಾರಮ್ಮೇನೆ?"
"ನೀವು ಚೆನ್ನಾಗಿದೀನಿ ಅಂತ ಬರೆದಿದ್ರಿ. ನಾನೊಬ್ಬಳು ಅಳ್ತಾ ಕೂತ್ರೆ ನಿಮಗೆ ಭಾರ ಅಲ್ವಾ?"
"ನಾನೂ ಸುಳ್ಳು ಬರೆದೆ ಕಣೇ" ಅಂದೆ.
ನನ್ನ ಕಾಲಿನತ್ತ ನೋಡಿದಳು. "ಮೊಣಕಾಲು?"
"ಸುಳ್ಳು."
"ಗೊತ್ತಿತ್ತು ಬಿಡಿ."

ಮಾರ್ಚ್ 13
ಬೆಳಿಗ್ಗೆ ಹತ್ತಕ್ಕೆ ಮರುಪರೀಕ್ಷೆ. ಪ್ರಶ್ನೆಗಳು ನೆನಪಿದ್ದವು. ಮೇಜಿನ ಆ ತುದಿಗೆ ಅವಳು, ಈ ತುದಿಗೆ ನಾನು. ನಡುವೆ ದಪ್ಪ ನಿಘಂಟು ನಿಲ್ಲಿಸಿದೆ. "ಈ ವಯಸ್ಸಲ್ಲೂ ನನ್ನ ಮೇಲೆ ನಂಬಿಕೆ ಇಲ್ವಲ್ಲ!" ಅಂತ ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತು.
ಹಾಳೆ ಬದಲಾಯಿಸಿಕೊಂಡೆವು. ನನಗೆ ಹದಿನಾಲ್ಕು. ಅವಳಿಗೆ ಹತ್ತೊಂಬತ್ತು. ಕೂಡಿದ್ದು ತಪ್ಪಿರಬೇಕೆಂದು ಮೂರು ಸಲ ಕೂಡಿದೆ. ಹತ್ತೊಂಬತ್ತೇ. ಕೆಂಪು ಪೆನ್ನು ಕೆಳಗಿಟ್ಟು, ಅವಳ ಕೈ ಹಿಡಿದುಕೊಂಡು ಅತ್ತೆ. ಅವಳೂ ಅತ್ತಳು.
ನರ್ಸಮ್ಮನಿಗೆ ಫೋನ್ ಮಾಡಿದೆ. "ಉತ್ತರ ತಪ್ಪಾಗಿತ್ತಮ್ಮ. ಇಬ್ಬರದೂ."
"ಪರವಾಗಿಲ್ಲ ಸರ್. ನಾಳೆ ಹನ್ನೊಂದಕ್ಕೆ ಇಬ್ಬರೂ ಬನ್ನಿ. ಡಾಕ್ಟ್ರು ಕೂತು ಮಾತಾಡ್ತಾರೆ."

ಮಾರ್ಚ್ 14, ಬೆಳಿಗ್ಗೆ 10.15
ಹೊರಡಬೇಕು. ಡಾಕ್ಟರ ಮುಂದೆ ಮೊದಲು ಯಾರು ಬಾಯಿಬಿಡುವುದು ಅಂತ ಇಬ್ಬರಿಗೂ ಜಗಳ. ಅವಳೇ ಶುರು ಮಾಡಲಿ, ಈ ಸಲ ನೋಡಿ ಬರೆಯುವವನು ನಾನು...
ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ. "ಏನ್ರೀ, ಬರ್ತೀರೋ, ಇಲ್ಲಾ ಮೊಣಕಾಲು ನೋವೋ?"
ಬಂದೆ ಕಣೇ, ಬಂ—