ಗೆಲ್ಲದೆ ತೆಗೆದ ಗಡ್ಡ

ಭಾನುವಾರ, ಮಧ್ಯಾಹ್ನ
ಅಂಗಡಿಯಿಂದ

ಪ್ರೀತಿಯ ರೇಡಿಯೋ,

ಹೇಗಿದ್ದೀಯೋ? ಮಂಡಿನೋವು ಕಡಿಮೆಯಾಯಿತಾ? ಮಗನ ಮನೆಯಲ್ಲಿ ಹೊತ್ತುಹೊತ್ತಿಗೆ ಊಟ, ತೊಡೆಯ ಮೇಲೆ ಮೊಮ್ಮಗಳು, ಸುಖವಾಗಿದ್ದೀಯ ಅಂದುಕೊಂಡಿದ್ದೇನೆ. ಕಾಗದ ತಡವಾಯಿತು, ಬೈಯಬೇಡ. ಬೈದರೂ ಪರವಾಗಿಲ್ಲ, ನಿನ್ನ ಬೈಗುಳ ಕೇಳಿ ಬಹಳ ದಿನವಾಯಿತು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಅಕ್ಷರ ನೋಡಿ ಯಾರದಪ್ಪಾ ಇದು ಅಂತ ತಲೆ ಕೆರೆದುಕೊಳ್ಳಬೇಡ. ನಾನು ಹೇಳುತ್ತಿದ್ದೇನೆ, ಮಗಳು ಬರೆಯುತ್ತಿದ್ದಾಳೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ ಅಂತ ನೀನೇ ಆಡಿಕೊಳ್ಳುತ್ತಿದ್ದೆಯಲ್ಲ.

ಸುದ್ದಿ ನಿನ್ನ ಕಿವಿಗೂ ಬಿದ್ದಿರುತ್ತದೆ. ನಮ್ಮ ಕೋಚನ್ನು ತೆಗೆದುಹಾಕಿದರು. "ಪರಸ್ಪರ ಒಪ್ಪಿಗೆಯ ಮೇರೆಗೆ" ಅಂತ ಕ್ಲಬ್ಬಿನವರು ಪೇಪರಿಗೆ ಕೊಟ್ಟಿದ್ದಾರೆ. ಕುತ್ತಿಗೆ ಹಿಡಿದು ನೂಕುವುದಕ್ಕೆ ಎಂಥ ಮರ್ಯಾದೆಯ ಹೆಸರು ನೋಡು! ಅಂತೂ ನೀನು ಗೆದ್ದೆ, ನಾನು ಸೋತೆ. ಸಮಾಧಾನವಾಯಿತಾ?

"ಆ ಮನುಷ್ಯನ್ನ ಓಡಿಸೋವರೆಗೂ ನಮಗೆ ಉಳಿಗಾಲ ಇಲ್ಲ" ಅಂತ ನೀನು. "ಚೆಂಡು ಒದ್ದು ಅದರ ಹಿಂದೆ ಓಡೋದು ಬಿಟ್ಟು ಬೇರೇನೂ ಗೊತ್ತಿಲ್ದೇ ಇದ್ದೋರಿಗೆ ಆಟ ಕಲಿಸಿದ್ದೇ ಅವರು" ಅಂತ ನಾನು. ಇಬ್ಬರೂ ಕತ್ತೆ ವಯಸ್ಸಿನವರು, ಮಕ್ಕಳಿಗಿಂತ ಕಡೆಯಾಗಿ ಕಿತ್ತಾಡಿದೆವು. "ಅಕ್ಕಪಕ್ಕ ಕೂತು ಇಬ್ಬರೂ ಒಂದೇ ಆಟ ನೋಡ್ತೀವಿ, ನಿನಗೊಬ್ಬನಿಗೆ ಅದ್ಹೇಗೋ ಬೇರೆ ಕಾಣುತ್ತೆ?" ಅಂತ ಎದ್ದು ಹೋದವನು, ಅದೇ ವಾರ ಮಗನ ಮನೆಗೆ ಹೊರಟೇಬಿಟ್ಟೆ. ಒಂದು ಮಾತು ಹೇಳಿ ಹೋಗಬಾರದಿತ್ತಾ? ನನಗೆ ತುಂಬ ಬೇಜಾರಾಯಿತು. ಈಗಲೂ ಸ್ಟೇಡಿಯಂನಲ್ಲಿ ನಿನ್ನ ಕುರ್ಚಿಯ ಮೇಲೆ ಅಂಗಡಿಯ ಟವೆಲ್ ಹಾಸಿಟ್ಟಿರುತ್ತೇನೆ. ಯಾರಾದರೂ ಕೇಳಿದರೆ "ನೀರು ಕುಡಿಯೋಕೆ ಹೋಗಿದ್ದಾನೆ, ಬರ್ತಾನೆ" ಅನ್ನುತ್ತೇನೆ. ಈಗ ಅವರೆಲ್ಲ "ಎಷ್ಟು ನೀರು ಕುಡೀತಾನಪ್ಪಾ ನಿಮ್ಮ ಸ್ನೇಹಿತ!" ಅಂತ ನಗುತ್ತಾರೆ.

ಅದಿರಲಿ, ಹೇಳಬೇಕಾದ್ದು ಬೇರೆ ಇದೆ. ಕೋಚಿನ ಗಡ್ಡದ ಶಪಥ ನಿನಗೆ ಗೊತ್ತೇ ಇದೆ. ತಂಡ ಗೆದ್ದ ಮರುದಿನ ಮಾತ್ರ ನಮ್ಮ ಅಂಗಡಿಗೆ ಬಂದು ಬೋಳಿಸಿಕೊಳ್ಳುವುದು; ಸೋತರೂ ಇಲ್ಲ, ಸಮವಾದರೂ ಇಲ್ಲ. ಈ ಸಲ ಗಡ್ಡ ಎದೆಗಿಳಿಯಲು ಹೊರಟಿತ್ತು. ಅವರನ್ನು ತೆಗೆದ ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದ ಹಾಗೇ ಯಾರೋ ಬಂದು ಕುರ್ಚಿಯಲ್ಲಿ ಕೂತರು. ಕೋಚ್ ನಡೆದಾಗಲೆಲ್ಲ ಜಾಕೆಟ್ಟಿನ ಜಿಪ್ಪಿಗೆ ತಾಗಿ ಟಿಕ್ ಟಿಕ್ ಅನ್ನುತ್ತಿದ್ದ ಸೀಟಿಯ ಸದ್ದಿರಲಿಲ್ಲ, ಹಾಗಾಗಿ ಅವರು ಬಾಯಿ ಬಿಡುವವರೆಗೂ ನನಗೆ ಗೊತ್ತಾಗಲಿಲ್ಲ.

"ತೆಗೆದುಬಿಡಿ" ಅಂದರು.

"ಗೆದ್ದಿಲ್ವಲ್ಲ ಸಾರ್. ಗೆಲ್ಲದೆ ಈ ಅಂಗಡೀಲಿ ನಿಮ್ಮ ಗಡ್ಡಕ್ಕೆ ಕತ್ತಿ ಮುಟ್ಟಿಸಲ್ಲ" ಅಂದೆ. ನನ್ನ ಹಟ ನಿನಗೆ ಗೊತ್ತಲ್ಲ.

ಅವರು ನಕ್ಕರು. "ಗೆಲ್ಲೋದು ಇನ್ಮೇಲೆ ಬೇರೆಯವರ ತಲೆನೋವು. ನಾನು ಕೆಲಸ ಕೇಳ್ಕೊಂಡು ಹೋಗ್ಬೇಕು. ಈ ಅವತಾರದಲ್ಲಿ ಹೋದ್ರೆ ಬಾಗಿಲಲ್ಲೇ ಚಿಲ್ಲರೆ ಹಾಕಿ ಕಳಿಸ್ತಾರೆ."

ನನಗೆ ನಗು ಬರಲಿಲ್ಲ ಕಣೋ. ನೊರೆ ಹಚ್ಚಿದೆ, ಮಗಳು ಬೋಳಿಸಿದಳು. ಈಗೀಗ ಕತ್ತಿಯ ಕೆಲಸವೆಲ್ಲ ಅವಳದೇ. ನನ್ನದೇನಿದ್ದರೂ ನೊರೆ ಹಚ್ಚುವುದು, ಟವೆಲ್ ಹಿಂಡುವುದು, ಮಾತಾಡುವುದು.

ಅರ್ಧ ಗಡ್ಡ ಇಳಿದಾಗ ಕೋಚ್ ಕೇಳಿದರು, "ನಮ್ಮ ಬೆಂಚಿನ ಹಿಂದೆ ನಿಮ್ಮ ಪಕ್ಕ ಕೂರ್ತಿದ್ರಲ್ಲ, ನನ್ನನ್ನ ಬಾಯಿಗೆ ಬಂದ ಹಾಗೆ ಬೈಯೋರು, ಅವರೆಲ್ಲಿ?"

"ಮುನಿಸಿಕೊಂಡಿದ್ದಾನೆ ಸಾರ್."

"ಯಾಕೆ?"

"ನಿಮ್ಮ ದೆಸೆಯಿಂದಲೇ!"

ಎಷ್ಟು ಜೋರಾಗಿ ನಕ್ಕರೆಂದರೆ ಮಗಳು ಕತ್ತಿಯನ್ನು ದೂರ ಹಿಡಿಯಬೇಕಾಯಿತು. ಆಮೇಲೆ ಹೇಳಿದರು, "ಅವರು ಬೈತಿದ್ದಿದ್ರಲ್ಲಿ ಅರ್ಧ ಸರೀನೇ ಇತ್ತು. 'ಎಡಗಡೆ ಖಾಲಿ, ಎಡಗಡೆ ಖಾಲಿ' ಅಂತ ಕೂಗೋರಲ್ಲ, ನಿಜವಾಗ್ಲೂ ಖಾಲಿ ಇತ್ತು. ಅಲ್ಲಿ ಆಡೋ ಕ್ಯಾಪ್ಟನ್ ಕಾಲು ಸೋತಿದೆ ಅಂತ ನನಗೂ ಗೊತ್ತಿತ್ತು. ಇಷ್ಟು ವರ್ಷ ಆಡಿದೋನಿಗೆ 'ಇನ್ನು ಸಾಕು, ಕೂತ್ಕೋ' ಅಂತ ಹೇಳೋಕೆ ಬಾಯಿ ಬರ್ಲಿಲ್ಲ." ಮಗಳ ಕತ್ತಿಯ ಸದ್ದು ಒಂದು ಗಳಿಗೆ ನಿಂತಿತು. ನಾನು ಟವೆಲ್ ಹಿಂಡುತ್ತ ಆ ಕಡೆ ತಿರುಗಿದೆ.

ಹೊರಡುವಾಗ ನನ್ನ ಎರಡೂ ಕೈ ಹಿಡಿದುಕೊಂಡು, "ಆ ಬಾಯಿಬಡುಕರನ್ನ ಮತ್ತೆ ಕರೆಸ್ಕೊಳ್ಳಿ. ಅವರ ದನಿ ಇಲ್ದೆ ನನಗೂ ಆಟ ಸಪ್ಪೆ ಆಗಿತ್ತು" ಅಂದರು. ನಿನ್ನನ್ನು ಬಾಯಿಬಡುಕ ಅಂದದ್ದು ಅವರು, ನಾನಲ್ಲ. ಮಗಳೇ ಸಾಕ್ಷಿ.

ಮುಂದಿನ ಶನಿವಾರ ಹೊಸ ಕೋಚಿನ ಮೊದಲ ಆಟ. ಬಂದುಬಿಡು. ಬೇಕಾದರೆ ಅವನನ್ನು ಮೊದಲ ನಿಮಿಷದಿಂದಲೇ ಬೈ, ನಾನು ತುಟಿ ಬಿಚ್ಚುವುದಿಲ್ಲ. ಮಗ ಸೊಸೆಗೆ ಒಳ್ಳೆಯದಾಗಲಿ. ಮೊಮ್ಮಗಳಿಗೆ ಬೇಗ ಹಲ್ಲು ಬಂದು ನಿನ್ನ ಕಿವಿ ಕಚ್ಚಲಿ. ನಿನ್ನ ಮಂಡಿ ಗಟ್ಟಿಯಾಗಲಿ, ಸ್ಟೇಡಿಯಂ ಮೆಟ್ಟಿಲು ಹತ್ತುವಷ್ಟಾದರೂ.

ನಿನ್ನ
ಕತ್ತರಿ

ಇನ್ನೊಂದು ಮಾತು. ಮಗಳು ಚಹಾ ಮಾಡಲು ಒಳಗೆ ಹೋಗಿದ್ದಾಳೆ, ಇದು ನನ್ನದೇ ಕೈ. ಸಾಲಿನ ಮೇಲೆ ಸಾಲು ಹತ್ತಿದ್ದರೆ ಹೇಗೋ ಬಿಡಿಸಿಕೊಂಡು ಓದು. ಅವಳಿಗೆ ಎಲ್ಲ ಗೊತ್ತು, ಆದರೆ ಅವಳ ಕೈಯಲ್ಲಿ ಇದನ್ನು ಬರೆಸಲು ಆಗಲಿಲ್ಲ. ನನಗೆ ಕಣ್ಣು ಹೋಗುತ್ತಿದೆ ಕಣೋ. ನಡುವೆ ಏನೂ ಕಾಣುವುದಿಲ್ಲ, ಅಂಚಿನಲ್ಲಿ ಒಂದಿಷ್ಟು ಬೆಳಕು ಅಷ್ಟೇ. ಹೋದದ್ದು ವಾಪಸ್ ಬರುವುದಿಲ್ಲ ಅಂತ ಡಾಕ್ಟರು ಹೇಳಿಯಾಗಿದೆ. ಹೋದ ವರ್ಷದಿಂದಲೇ ಮೈದಾನದಲ್ಲಿ ಚೆಂಡು ನನಗೆ ಕಂಡಿಲ್ಲ. ಹೇಳಿದರೆ ನೀನು ಕನಿಕರಪಟ್ಟು ಮೆತ್ತಗೆ ಮಾತಾಡಲು ಶುರುಮಾಡುತ್ತೀಯ ಅಂತ ಹೇಳಲಿಲ್ಲ. ನಾವಿಬ್ಬರೂ ಒಂದೇ ಆಟ ನೋಡಲಿಲ್ಲವೋ. ನೀನು ನೋಡಿದೆ, ನಾನು ನಿನ್ನ ಬಾಯಿಂದ ಕೇಳಿದೆ. ಬೈಯುತ್ತ ಬೈಯುತ್ತಲೇ ನೀನು ಹೇಳಿದ ಆ ಆಟದಲ್ಲಿ ನಮ್ಮವರು ಎಷ್ಟು ಚೆಂದ ಆಡುತ್ತಿದ್ದರೆಂದರೆ, ಆ ಕೋಚನ್ನು ಬಿಟ್ಟುಕೊಡಲು ನನಗೆ ಮನಸ್ಸೇ ಬರಲಿಲ್ಲ. ಈಗ ಬರೀ ಗದ್ದಲ. ಮೊನ್ನೆ ಹಿಂದಿನವರೆಲ್ಲ ಎದ್ದು ಕೂಗಿದರು ಅಂತ ನಾನೂ ಎದ್ದು ಚಪ್ಪಾಳೆ ತಟ್ಟಿದೆ. ಗೋಲು ಹೊಡೆದದ್ದು ಎದುರಾಳಿಗಳು. ಬಾರೋ.