ಕ್ಯಾರಿಯರ್ ಇರುವುದೋ, ಇಲ್ಲದ್ದೋ

ರಾಯಚೂರು
ಶನಿವಾರ, 18 ಜನವರಿ 2025

ಮಾನ್ವಿಯಲ್ಲಿರುವ ಪಂಪಾಪತಿ ಮಾಸ್ತರರಿಗೆ ಹೆಂಡತಿಯ ನಮಸ್ಕಾರ.

ಬಾಯಲ್ಲಿ ಹೇಳದ ಹೆಸರನ್ನು ಕೈ ಬರೆದುಬಿಟ್ಟಿತು, ಸಿಟ್ಟಾಗಬೇಡಿ. ಫೋನ್ ಮಾಡಿದರೆ ಎರಡನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ, ಅದಕ್ಕೇ ಈ ಕಾಗದ. ವಿಷಯ ದೊಡ್ಡದೇನಲ್ಲ. ಒಂದು ಸೈಕಲ್ ಕೊಳ್ಳಬೇಕು, ಯಾವುದು ಅಂತ ತಿಳಿಯುತ್ತಿಲ್ಲ. ಅಪ್ಪನ ಸೈಕಲ್ ಅಂಗಡಿಯಲ್ಲಿ ಬೆಳೆದವರು ನೀವು, ನಿಮ್ಮನ್ನು ಬಿಟ್ಟು ಯಾರನ್ನು ಕೇಳಲಿ?

ಮನೆಯಿಂದ ರೈಸ್ ಮಿಲ್ಲಿನ ಆಫೀಸಿಗೆ ಐದು ಕಿಲೋಮೀಟರ್. ಏಳು ತಿಂಗಳಿಂದ ಶೇರ್ ಆಟೊದ ತುದಿಯಲ್ಲಿ ಕುಳಿತು ಹೋಗಿ ಬಂದು ಸಾಕಾಗಿದೆ. ನಿಮಗೆ ಮಾನ್ವಿಗೆ ವರ್ಗವಾದಾಗ ನೀವು ನನಗೆ ಕೆಲಸ ಬಿಟ್ಟು ಬಾ ಅಂದಿರಿ, ನಾನು ನೀವೇ ಹೋಗ್ರಿ ಅಂದೆ. ನೀವು ನಿಜವಾಗಿಯೂ ಹೋಗಿಬಿಟ್ಟಿರಿ. ಅದಿರಲಿ, ಸೈಕಲ್ ವಿಷಯಕ್ಕೆ ಬರುತ್ತೇನೆ.

ಅಂಗಡಿಯ ಖಾಜಾಮಿಯಾ ಎರಡು ತೋರಿಸಿದರು. ಒಂದು ಗೇರಿನದು, ಹಗುರ, ಆದರೆ ಕ್ಯಾರಿಯರ್ ಇಲ್ಲ. ಇನ್ನೊಂದು ಭಾರ, ಹಿಂದೆ ಗಟ್ಟಿ ಕ್ಯಾರಿಯರ್. ದಿನಾ ಮಿಲ್ಲಿಗೆ ಯಾವುದಾದರೂ ನಡೆಯುತ್ತದೆ, ದೂರ ಎಲ್ಲಿಗಾದರೂ ಹೋಗುವುದುಂಟೇ ಎಂದು ಕೇಳಿದರು. ಯಾವಾಗಲಾದರೊಮ್ಮೆ ನಲವತ್ತೈದು ಕಿಲೋಮೀಟರ್, ದೇವದುರ್ಗದ ತವರಿಗೆ ಅಂದೆ. “ನಲವತ್ತೈದಂದ್ರ ಮಾನ್ವಿ ಆಗ್ತದಲ್ರಿ ಯವ್ವಾ, ದೇವದುರ್ಗ ಐವತ್ತು ದಾಟ್ತದ” ಅಂದರು. ನಾಚಿಕೆಯಾಗಿ, ಸುಮ್ಮನೆ ಬೆಲ್ ಬಾರಿಸಿ ನೋಡಿದೆ.

“ದೂರಕ್ಕ ಹಗುರಂದೇ ಛಲೋರಿ. ಹಿಂದ ಕುಂದ್ರೋರು ಇದ್ರ ಮಾತ್ರ ಇನ್ನೊಂದು. ಯಾರರ ಅದಾರೇನ್ರಿ?” ಅಂದರು. ನಾಳೆ ಬಂದು ಹೇಳುತ್ತೇನೆ ಎಂದು ಹೊರಟುಬಿಟ್ಟೆ. ಹಗುರಾದದ್ದು ತೆಗೆದುಕೊಂಡರೆ ಬೇಗ ಮುಟ್ಟಬಹುದು, ಆದರೆ ಒಬ್ಬಳೇ ವಾಪಸ್ ಬರಬೇಕು. ಭಾರದ್ದಾದರೆ ಕಾಲು ಸೋತುಹೋಗುತ್ತದೆ, ಹಿಂದೆ ಜಾಗವಂತೂ ಇರುತ್ತದೆ. ಕೂರುವವರೇ ಇಲ್ಲ ಎಂದಾದರೆ ಆ ಭಾರ ನಾನು ಯಾಕೆ ತುಳಿಯಲಿ? ಹೀಗೇ ಮೂರು ಸಲ ಹೋಗಿ ಬಂದೆ. ಈಗ ನನ್ನನ್ನು ಕಂಡರೆ ಖಾಜಾಮಿಯಾ ಚಹಾ ತರಿಸುತ್ತಾರೆ, ಸೈಕಲ್ ತೋರಿಸುವುದಿಲ್ಲ.

ಸಿಟ್ಟು ಇನ್ನೂ ಇದೆ. ಕೆಲಸವನ್ನೂ ಬಿಡುವುದಿಲ್ಲ. ನಿಮ್ಮ ನೆನಪೂ ಆಗುತ್ತದೆ, ಅದನ್ನೇಕೆ ಮುಚ್ಚಿಡಲಿ? ಇಷ್ಟೂ ಒಟ್ಟಿಗೆ ಒಬ್ಬಳಲ್ಲೇ ಹೇಗೆ ಇರುತ್ತವೋ ನನಗಂತೂ ತಿಳಿಯದು.

ಹಗುರದ್ದೋ, ಭಾರದ್ದೋ, ನೀವೇ ಹೇಳಿ.

ಇಂತಿ,
ಏನೂ ತೋಚದ ನಿಮ್ಮ
ಶಿವಗಂಗಾ

ತಾ.ಕ.: ಭಾನುವಾರ, ಮಾನ್ವಿ. ಈ ಕಾಗದಕ್ಕೆ ಅಂಚೆ ಚೀಟಿ ಇಲ್ಲ, ಗಮನಿಸಿದಿರಾ? ಬಾಗಿಲ ಕೆಳಗೆ ತೂರಿಸಿದ್ದು ನಾನೇ. ನಿನ್ನೆ ಇದನ್ನು ಬರೆದ ಮೇಲೆ ಹೋಗಿ ಭಾರದ್ದನ್ನೇ ತಂದುಬಿಟ್ಟೆ. ಮುಂಜಾನೆ ಐದೂವರೆಗೆ ಬಿಟ್ಟವಳು ಹತ್ತೂವರೆಗೆ ಮುಟ್ಟಿದೆ, ಮೊಣಕಾಲು ನನ್ನ ಮಾತು ಕೇಳುತ್ತಿಲ್ಲ. ನಿಮ್ಮ ಓಣಿಯ ಮೂಲೆಯ ಚಹಾದಂಗಡಿಯಲ್ಲಿ ಕುಳಿತಿದ್ದೇನೆ. ಕ್ಯಾರಿಯರ್ ಬೇಡವಾದರೆ ಬಿಚ್ಚಲಿಕ್ಕೆ ಖಾಜಾಮಿಯಾ ಒಂದು ಪಾನಾ ಕೊಟ್ಟಿದ್ದಾರೆ. ಅದನ್ನು ತಿರುಗಿಸಲು ನನಗೆ ಬರುವುದಿಲ್ಲ. ಬಿಚ್ಚುವುದಾದರೂ ನೀವೇ ಬರಬೇಕು.