ಸತ್ತವಳು ತಂದ ಚಹಾ

ಮಾರ್ಚ್ ೧೭, ಸೋಮವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನೀವಿಬ್ಬರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಾನೂ ನಿನ್ನ ಭಾವನೂ ನಮ್ಮ ನಮ್ಮ ಮಂಡಿನೋವಿನ ಜೊತೆ ಅನ್ಯೋನ್ಯವಾಗಿದ್ದೇವೆ. ನೀನು ಕಳಿಸಿದ ಪುಸ್ತಕಕ್ಕೆ ಉತ್ತರ ಒಂದೂವರೆ ತಿಂಗಳು ತಡವಾಯಿತು. ಅದರಲ್ಲಿ ಅರ್ಧ ತಪ್ಪು ನಿನ್ನದು. ಪಾರ್ಸೆಲ್ ಹೋದದ್ದು ನಾವು ಒಂಬತ್ತು ವರ್ಷದ ಹಿಂದೆ ಬಿಟ್ಟ ಮನೆಗೆ. ಈಗ ಅಲ್ಲಿರುವ ನರ್ಸಮ್ಮ ಅದನ್ನು ಮೂರು ವಾರ ಕಪಾಟಿನ ಮೇಲಿಟ್ಟು, ಆಮೇಲೆ ಅವರಿವರನ್ನು ಕೇಳಿಕೊಂಡು ನಾನು ನಡೆಸುವ ಲೈಬ್ರರಿಗೆ ತಂದುಕೊಟ್ಟಳು. ಇಷ್ಟು ದೊಡ್ಡ ಲೇಖಕನಿಗೆ ವಿಳಾಸ ಸರಿಯಾಗಿ ಬರೆಯುವ ಒಬ್ಬ ಸಹಾಯಕನೂ ಇಲ್ಲವೇ ಎಂದು ಬೈದುಕೊಂಡೆ. ನೋಡಿದರೆ ಅಕ್ಷರ ನಿನ್ನದೇ.

ಉಳಿದ ಮೂರು ವಾರ ನಾನು ಬೇಕೆಂದೇ ಸುಮ್ಮನಿದ್ದೆ, ಕೋಪ ಇಳಿಯಲಿ ಎಂದು. ಇಳಿಯಲಿಲ್ಲ. ಹಾಗಾಗಿ ಕೋಪದಲ್ಲೇ ಬರೆಯುತ್ತಿದ್ದೇನೆ, ಸಹಿಸಿಕೊ.

ನಿನ್ನ ಹನ್ನೆರಡನೆಯ ಕಾದಂಬರಿ ಚೆನ್ನಾಗಿಲ್ಲ. ಹನ್ನೊಂದನೆಯದೂ ಚೆನ್ನಾಗಿರಲಿಲ್ಲ. ಹತ್ತನೆಯದನ್ನು ನಾನು ಮುಗಿಸಲೇ ಇಲ್ಲ, ಮುಗಿಸಿದೆ ಎಂದು ನಿನಗೆ ಫೋನಿನಲ್ಲಿ ಸುಳ್ಳು ಹೇಳಿದೆ. ಪ್ರತಿಸಲವೂ ಕೊಲೆಯಾದವನು ಬದುಕಿರುತ್ತಾನೆ, ಇಲ್ಲವೇ ಅವನಿಗೊಬ್ಬ ಅವಳಿ ಇರುತ್ತಾನೆ. ಹಾಡಿದ್ದೇ ಹಾಡೋ ಕಿಸಬಾಯಿದಾಸ ಎಂದು ಅಪ್ಪ ನನ್ನ ಸಂಗೀತಕ್ಕೆ ಹೇಳುತ್ತಿದ್ದರಲ್ಲ, ಆ ಬಿರುದು ಈಗ ನಿನಗೆ ಬಂದಿದೆ.

ಇದು ನನ್ನೊಬ್ಬಳ ಮಾತಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ನಮ್ಮ ಲೈಬ್ರರಿಯ ಪದ್ಧತಿ ನಿನಗೆ ಗೊತ್ತು. ಪತ್ತೇದಾರಿ ಕಾದಂಬರಿ ಓದುವವರಿಗೆ ಯಾವುದನ್ನು ಓದಿದೆ, ಯಾವುದನ್ನು ಓದಿಲ್ಲ ಎಂಬುದೇ ಮರೆತುಹೋಗುತ್ತದೆ. ಅದಕ್ಕೇ ಓದಿ ಮುಗಿಸಿದವರು ಕೊನೆಯ ಪುಟದ ಮೂಲೆಯಲ್ಲಿ ತಮ್ಮದೊಂದು ಗುರುತು ಹಾಕುತ್ತಾರೆ. ನಿವೃತ್ತ ಪೋಸ್ಟ್‌ಮಾಸ್ಟರರದು ಠಸ್ಸೆಯಂಥ ಪುಟ್ಟ ವೃತ್ತ. ಕೆಳಗಿನ ಮಹಡಿಯ ಹಲ್ಲಿನ ಡಾಕ್ಟರಮ್ಮನದು ಒಂದು ದವಡೆಹಲ್ಲು. ಬಸ್ ಕಂಡಕ್ಟರು ಪೆನ್ಸಿಲ್ ಮುಟ್ಟುವವರಲ್ಲ, ಟಿಕೆಟ್ ತೂತು ಮಾಡುವ ಕತ್ತರಿಯಿಂದ ಪುಟಕ್ಕೇ ಒಂದು ತೂತು. ನಿನ್ನ ಮೊದಲ ಏಳು ಪುಸ್ತಕಗಳ ಕೊನೆಯ ಪುಟ ನೋಡಬೇಕು ನೀನು, ಬೆರಳಿಡಲು ಜಾಗವಿಲ್ಲ. ಎಂಟನೆಯದರಲ್ಲಿ ಹನ್ನೊಂದು ಗುರುತು. ಹತ್ತರಲ್ಲಿ ನಾಲ್ಕು. ಹನ್ನೆರಡನೆಯದರ ಕೊನೆಯ ಪುಟ ಅಂಗಡಿಯಿಂದ ಬಂದ ಹಾಗೇ ಇದೆ.

ಕಂಡಕ್ಟರು ಹೋದ ವಾರ ಅದನ್ನು ವಾಪಸು ತಂದು ಮೇಜಿನ ಮೇಲೆ ಕುಕ್ಕಿದರು. ತೂತು ಇತ್ತು, ಆದರೆ ಇನ್ನೂರ ಹನ್ನೆರಡನೆಯ ಪುಟದಲ್ಲಿ.

“ಇದೇನ್ರೀ, ನಡುವೆ ತೂತು ಮಾಡಿದ್ದೀರಿ?” ಅಂದೆ.

“ನಾನು ಅಲ್ಲೇ ಇಳಿದುಬಿಟ್ಟೆ ಅಮ್ಮ,” ಅಂದರು. “ಸತ್ತೋರು ಟೀ ತಂದುಕೊಟ್ಟರೆ ಯಾರು ಮುಂದಕ್ಕೆ ಹೋಗ್ತಾರೆ?”

ಆ ಪುಟ ನಾನೂ ಓದಿದ್ದೆ, ಆದರೂ ಮತ್ತೊಮ್ಮೆ ಓದಿದೆ. ನಿನ್ನ ಇನ್ಸ್‌ಪೆಕ್ಟರು ಕೇಸು ಬಗೆಹರಿಯದೆ ತಲೆ ಹಿಡಿದು ಕೂತಿದ್ದಾನೆ. ಅಡುಗೆಮನೆಯಿಂದ ಅವನ ಅಕ್ಕ ಚಹಾ ತಂದು, “ಬೀಗ ಒಡೆದಿಲ್ಲ ಅಂದ್ರೆ ಬೀಗದ ಕೈ ಯಾರ ಹತ್ರ ಇತ್ತು ಅಂತ ಕೇಳಿದ್ಯಾ?” ಅನ್ನುತ್ತಾಳೆ. ಪುಸ್ತಕದಲ್ಲಿ ಚೆನ್ನಾಗಿರುವ ಮಾತು ಅದೊಂದೇ. ಆದರೆ ಆ ಅಕ್ಕನನ್ನು ಏಳನೆಯ ಪುಸ್ತಕದಲ್ಲಿ ನೀನೇ ಮೆಟ್ಟಿಲಿನಿಂದ ಬೀಳಿಸಿ ಕೊಂದಿದ್ದೀಯಲ್ಲ! ಡಾಕ್ಟರಮ್ಮ ಅವತ್ತು ಕ್ಲಿನಿಕ್ಕಿನಲ್ಲಿ ಅತ್ತು, ಒಬ್ಬರ ಹಲ್ಲು ಕೀಳುವುದನ್ನು ಮಾರನೆಯ ದಿನಕ್ಕೆ ಹಾಕಿದ್ದರು. ಆ ಅಕ್ಕ ನಾನೇ ಎಂದು ಇಡೀ ರಸ್ತೆಗೆ ಗೊತ್ತಿತ್ತು. ಜನ ನನಗೆ ಸಂತಾಪ ಹೇಳಿ ಹೋಗಿದ್ದರು. ನನ್ನನ್ನು ಕೊಂದದ್ದಕ್ಕೆ ನಾನು ಸಿಟ್ಟಾಗಲಿಲ್ಲ, ಸಾವು ಅಷ್ಟು ಚೆನ್ನಾಗಿತ್ತು.

ಈಗ ಪೋಸ್ಟ್‌ಮಾಸ್ಟರು ಪ್ರಕಾಶಕರಿಗೆ ಒಂದು ಪತ್ರ ತಯಾರಿಸಿದ್ದಾರೆ. ಹದಿನೇಳು ಓದುಗರ ಸಹಿ ಬಿದ್ದಿದೆ. ಇನ್ನು ಈ ಲೇಖಕರ ಪುಸ್ತಕ ನಮ್ಮ ಲೈಬ್ರರಿಗೆ ಬೇಡ, ಇನ್ಸ್‌ಪೆಕ್ಟರನಿಗೆ ಗೌರವದಿಂದ ನಿವೃತ್ತಿ ಕೊಡಿ, ಅಂತ. ಅದನ್ನು ನನ್ನ ಮುಂದಿಟ್ಟು, “ಹದಿನೆಂಟನೇದು ನಿಮ್ಮದು. ತಮ್ಮ ಅಂತ ಮುಲಾಜು ನೋಡ್ಬೇಡಿ,” ಅಂದರು.

“ಸೋಮಾರಿ ಆಗ್ಬಿಟ್ಟಿದ್ದಾನೆ, ಕಿವಿ ಹಿಂಡ್ತೀನಿ. ತಿಂಗಳ ಕೊನೆ ತನಕ ಟೈಮ್ ಕೊಡಿ,” ಅಂದೆ.

“ಸೋಮಾರಿತನಕ್ಕೂ ಒಂದು ಮಿತಿ ಬೇಡ್ವೇ?” ಅಂತ ಡಾಕ್ಟರಮ್ಮ ಬಾಗಿಲಿನಿಂದಲೇ ಕೇಳಿದರು. ಪತ್ರ ನನ್ನ ಡ್ರಾಯರಿನಲ್ಲಿದೆ.

ನನ್ನ ಸಿಟ್ಟು ನಿನ್ನ ಮೇಲೆಷ್ಟೋ ಅಷ್ಟೇ ಆ ಪ್ರಕಾಶಕರ ಮೇಲೂ ಇದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಅಲ್ಲಿ ಓದುವವರು ಯಾರೂ ಇಲ್ಲವೇ? ಮೊದಲೆಲ್ಲ ಹೇಗೆ ನಡೆಯುತ್ತಿತ್ತು ನೆನಪಿಸಿಕೊ. ನಾನು ಇಸ್ತ್ರಿ ಮಾಡುತ್ತಿದ್ದೆ, ನೀನು ಸ್ಟೂಲಿನ ಮೇಲೆ ಕೂತು ಬರೆದದ್ದನ್ನು ಓದುತ್ತಿದ್ದೆ. ಕಥೆ ಎಲ್ಲಾದರೂ ತಪ್ಪಿದರೆ ನಾನು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸುತ್ತಿದ್ದೆ, ನೀನು ಬಾಯಿ ಮುಚ್ಚಿಕೊಂಡು ಆ ಹಾಳೆ ಹರಿಯುತ್ತಿದ್ದೆ. ನಾನು ಎತ್ತುವುದನ್ನೇ ಮರೆತು ಕೇಳಿದರೆ ಅಧ್ಯಾಯ ಗೆದ್ದಿತು. ಹಾಗೆ ನಿನ್ನ ಭಾವನ ಮೂರು ಅಂಗಿ ಸುಟ್ಟುಹೋದವು. ಅವರು ಇವತ್ತಿಗೂ, “ನಿನ್ನ ತಮ್ಮನ ಹೆಸರು ನನ್ನ ಬೆನ್ನ ಮೇಲೆ ಬಂದದ್ದು,” ಅನ್ನುತ್ತಾರೆ.

ಮತ್ತೆ ನನ್ನ ನೋಟ್‌ಬುಕ್, ನೀನು ಸತ್ತವರ ಪಟ್ಟಿ ಎಂದು ಹಾಸ್ಯ ಮಾಡುತ್ತಿದ್ದದ್ದು. ಎರಡನೆಯ ಪುಸ್ತಕದಲ್ಲಿ ಕುಂಟನ ಕುಂಟು ಎಡಗಾಲಿನಿಂದ ಬಲಗಾಲಿಗೆ ದಾಟಿದ ಮೇಲೆ ಶುರುಮಾಡಿದ್ದು ಅದು. ಯಾರು ಸತ್ತರು, ಯಾವ ಪುಟದಲ್ಲಿ, ಬೀಗದ ಕೈ ಯಾರ ಬಳಿ ಉಳಿಯಿತು, ಎಲ್ಲ ಬರೆದಿಡುತ್ತಿದ್ದೆ. ಏಳನೆಯ ಪುಸ್ತಕದ ನಂತರ ನೀನು, “ಇನ್ನು ಪ್ರಕಾಶಕರ ಕಡೆಯವರು ನೋಡ್ಕೋತಾರಂತೆ ಅಕ್ಕ, ನೀನು ಕಣ್ಣು ಹಾಳು ಮಾಡ್ಕೋಬೇಡ,” ಅಂದೆ. ನಾನು ಬಿಟ್ಟೆ. ಬಿಟ್ಟದ್ದು ನನ್ನ ತಪ್ಪು, ಅದನ್ನು ಒಪ್ಪುತ್ತೇನೆ. ಆ ನೋಟ್‌ಬುಕ್ಕಿನ ಕೊನೆಯ ಸಾಲು ಇದು: “ಅಕ್ಕ. ಏಳನೆಯ ಪುಸ್ತಕ, ಪುಟ ೧೮೮. ಮೆಟ್ಟಿಲು. ಇನ್ಸ್‌ಪೆಕ್ಟರ್ ಅಳುವುದಿಲ್ಲ, ಆದರೆ ಚಹಾ ಕುಡಿಯುವುದನ್ನು ಬಿಡುತ್ತಾನೆ.” ಚಹಾ ಬಿಟ್ಟವನಿಗೇ ಚಹಾ ಕುಡಿಸಿದೆಯಲ್ಲೋ!

ಹೋದ ಭಾನುವಾರ ಫೋನಿನಲ್ಲಿ ಇದನ್ನೆಲ್ಲ ಎತ್ತಬೇಕೆಂದಿದ್ದೆ. ನೀನು ಸನ್ಮಾನಕ್ಕೆ ಹೋಗಿ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಕಥೆ ಹೇಳಿದೆ, ನಕ್ಕೆ. ಐದು ನಿಮಿಷ ಬಿಟ್ಟು ಅದೇ ಕಥೆಯನ್ನು ಮೊದಲಿನಿಂದ ಹೇಳಿದೆ, ಆಗಲೂ ನಕ್ಕೆ. ಚಪ್ಪಾಳೆ ಕೇಳಿ ಕೇಳಿ ನಿನಗೆ ಇದು ಚಟವಾಗಿದೆ ಎಂದುಕೊಂಡೆ. ಪುಸ್ತಕ ಬಂತಾ ಅಂತ ನೀನು ಕೇಳಲೇ ಇಲ್ಲ.

ಈಗ ನಾನು ಹೇಳುವುದನ್ನು ಗೋಡೆಗೆ ಹೇಳಿದ ಹಾಗೆ ಮಾಡಿಕೊಳ್ಳಬೇಡ. ಹದಿಮೂರನೆಯ ಪುಸ್ತಕದ ಒಂದು ಹಾಳೆಯೂ ಪ್ರಕಾಶಕರಿಗೆ ಹೋಗಕೂಡದು. ಬರೆದದ್ದೆಲ್ಲ ಎತ್ತಿಕೊಂಡು ನಿನ್ನ ಹೆಂಡತಿಯ ಜೊತೆ ಇಲ್ಲಿಗೆ ಬಾ. ಒಬ್ಬನೇ ಹೊರಡಬೇಡ, ಅವಳೂ ಬರಲಿ. ಸ್ಟೂಲು ಇನ್ನೂ ಇದೆ, ಒಂದು ಕಾಲು ಮಾತ್ರ ಅಲ್ಲಾಡುತ್ತದೆ. ಸುಡಲು ಭಾವನ ಅಂಗಿಗಳೂ ಬೇಕಾದಷ್ಟಿವೆ. ನೀನು ಓದು, ನಾನು ಕೇಳುತ್ತೇನೆ. ನೀನು ಬಂದು ಕೂತರೆ ಪೋಸ್ಟ್‌ಮಾಸ್ಟರರ ಪತ್ರವನ್ನು ನಾನೇ ಅವರ ಎದುರು ಹರಿಯುತ್ತೇನೆ.

ಇಷ್ಟು ಬೈದೆ ಎಂದು ಬೇಜಾರು ಮಾಡಿಕೊಳ್ಳಬೇಡ. ನೀನು ನೂರು ಕಾಲ ಬಾಳು, ನಿನ್ನ ಕೈಯಲ್ಲಿ ಇನ್ನೂ ನೂರು ಜನ ಸಾಯಲಿ. ಭಾವ ಆಶೀರ್ವಾದ ತಿಳಿಸಲು ಹೇಳಿದ್ದಾರೆ.

ಇಂತು,
ನೀನು ಒಮ್ಮೆ ಕೊಂದು, ಒಮ್ಮೆ ಬದುಕಿಸಿದ
ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಪೋಸ್ಟ್‌ಮಾಸ್ಟರರ ಪತ್ರಕ್ಕೆ ನಾನು ಸಹಿ ಹಾಕದಿದ್ದದ್ದು ತಮ್ಮ ಎಂಬ ಮುಲಾಜಿಗಲ್ಲ. ಅದರಲ್ಲಿ ಒಂದು ಸಾಲಿದೆ: “ಲೇಖಕರಿಗೆ ತಮ್ಮ ಪಾತ್ರಗಳ ನೆನಪೇ ಇಲ್ಲ.” ಅವರು ಅದನ್ನು ಚುಚ್ಚಲು ಬರೆದರು. ನಾನು ಓದಿ ಪೆನ್ನು ಕೆಳಗಿಟ್ಟೆ.

ಅಮ್ಮ ತೀರಿಕೊಂಡ ಎರಡನೆಯ ವರ್ಷ, ಒಂದು ಬೆಳಿಗ್ಗೆ ಅಪ್ಪ ಪೇಪರ್ ಮಡಿಸಿಟ್ಟು, “ನಿಮ್ಮಮ್ಮ ಇನ್ನೂ ಚಹಾ ತಂದಿಲ್ವಲ್ಲ,” ಅಂದರು. ತಮಾಷೆ ಎಂದುಕೊಂಡು ನಾವಿಬ್ಬರೂ ನಕ್ಕೆವು. ಆಗ ಅಪ್ಪನಿಗೆ ಅರವತ್ತೊಂದು. ಬರುವ ಜೂನಿನಲ್ಲಿ ನಿನಗೆ ಅರವತ್ತೊಂದು.

ಸೋಮಾರಿತನದಿಂದ ಹಾಗಾಯಿತು ಅಕ್ಕ ಎಂದು ಒಂದು ಸಾಲು ಬರೆ. ದುಡ್ಡಿನಾಸೆಗೆ ಅವಸರ ಮಾಡಿದೆ ಎಂದಾದರೂ ಬರೆ. ಬಾಯ್ತುಂಬ ಬೈದು ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ. ಹಾಗೆಯೇ ನಿನ್ನ ಮೊದಲ ಪುಸ್ತಕದಲ್ಲಿ ಮೊದಲು ಸತ್ತವರು ಯಾರು ಎಂಬುದನ್ನೂ ಬರೆ. ಕಪಾಟಿನಿಂದ ಪುಸ್ತಕ ತೆಗೆಯಬೇಡ, ಹೆಂಡತಿಯನ್ನು ಕೇಳಬೇಡ. ಕೇಳಿ ಬರೆದರೆ ನನಗೆ ಗೊತ್ತಾಗುತ್ತದೆ.